ಇತಿಹಾಸದ ಪಾಠದಲ್ಲಿ ಕರ್ತೃವಿನ ಸ್ಥಾನ

ಪದವಿಪೂರ್ವ ತರಗತಿಗಳಿಗೆ ಆಧುನಿಕ ಭಾರತದ ಇತಿಹಾಸವನ್ನು ಬೋಧಿಸತಕ್ಕ ಅಧ್ಯಾಪಕನಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆಯೊಂದುಂಟು. ಅದು ಇಸವಿಗಳಿಗೆ ಸಂಬಂಧಿಸಿದುದಲ್ಲ, ಗವರ್ನರ್ ಜನರಲ್ಲರ ಅನುಕ್ರಮಕ್ಕೆ ಸಂಬಂಧಿಸಿದುದೂ ಅಲ್ಲ. ಪಾಠವು ಮುಗಿದು, ಗಂಟೆ ಹೊಡೆಯಲು ಇನ್ನೆರಡು ನಿಮಿಷ ಉಳಿದು, ರಾಜಕೀಯ ಕಾರಣ, ಆರ್ಥಿಕ ಕಾರಣ, ಸೈನಿಕ ಕಾರಣ, ತಕ್ಷಣದ ಕಾರಣ ಎಂಬ ಶೀರ್ಷಿಕೆಗಳು ಕರಿಹಲಗೆಯ ಮೇಲೆ ಇನ್ನೂ ಅಳಿಯದೆ ನಿಂತಿರುವಾಗ, ಹಿಂದಿನ ಬೆಂಚಿನಿಂದ ಯಾರೋ ಒಬ್ಬರು, "ಹಾಗಾದರೆ ತಪ್ಪು ಯಾರದು, ಸಾರ್?" ಎಂದು ಕೇಳಿಬಿಡುತ್ತಾರೆ. ಇತಿಹಾಸಕಾರನು ನ್ಯಾಯಾಧಿಪತಿಯಲ್ಲವೆಂಬ ಸಿದ್ಧವಾಕ್ಯವನ್ನು ನುಡಿದು, ಡಸ್ಟರನ್ನು ಕೈಗೆತ್ತಿಕೊಂಡು, ಆ ಪ್ರಶ್ನೆಯನ್ನು ಅಲ್ಲಿಯೇ ಅಡಗಿಸುವುದು ಕಷ್ಟವೇನಲ್ಲ. ಪಠ್ಯಕ್ರಮವನ್ನು ಜನವರಿಯೊಳಗಾಗಿ ಮುಗಿಸಬೇಕಾದವನಿಗೆ ಅದು ಅನುಕೂಲವೂ ಹೌದು. ಆದರೆ ಅದನ್ನು ಬಾಲಿಶವಾದ ಕುತೂಹಲವೆಂದು ನಾನು ಎಣಿಸಲಾರೆ. ಸಕಲ ಕಾರ್ಯಗಳಿಗೂ ಕಾರಣಗಳುಂಟೆಂದು ಒಪ್ಪಿದ ಬಳಿಕ, ಮಾಡಿದವನಿಗೆ ಹೊಣೆಯೆಂಬುದು ಉಳಿಯುವುದೇ, ಉಳಿದರೆ ಎಷ್ಟು ಉಳಿಯುವುದು ಎಂಬುದು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ವಿಷಯ. ಹದಿನೇಳು ವರ್ಷದ ಹುಡುಗನು ಅದನ್ನು ತಿಳಿಯದೆಯೇ ಎತ್ತಿದ್ದಾನೆ, ಅಷ್ಟೇ.

ಪರೀಕ್ಷೆಯ ಹತ್ತು ಅಂಕದ ಉತ್ತರವೊಂದನ್ನು ಸಾವಧಾನವಾಗಿ ಓದಿ ನೋಡಬೇಕು. 1857ರ ದಂಗೆಗೆ ಕಾರಣಗಳೇನೆಂದು ಕೇಳಿದರೆ, ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿನಿಯು ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯಿಂದ ಆರಂಭಿಸಿ, ಕಂದಾಯದ ಭಾರ, ಕೈಕಸುಬುಗಳ ಅವನತಿ, ಸಿಪಾಯಿಗಳ ಸಂಬಳದ ತಾರತಮ್ಯ ಎಂದು ಒಂದೊಂದಾಗಿ ಹೇಳುತ್ತ ಬಂದು, ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾಗಳಲ್ಲಿ ಮುಗಿಸುತ್ತಾಳೆ. ಇದರಲ್ಲಿ ಸುಳ್ಳೇನೂ ಇಲ್ಲ. ಮನುಷ್ಯರು ಮಾತ್ರ ಇಲ್ಲ. ಡಾಲ್‌ಹೌಸಿಯು ಒಂದು ನೀತಿಯ ಹೆಸರಾಗಿಯೂ ಮಂಗಲ ಪಾಂಡೆಯು ಒಂದು ತಾರೀಖಾಗಿಯೂ ಉಳಿಯುತ್ತಾರೆ. ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ನಿಶ್ಚಯಿಸಿ ನಿಂತುದು ಕೂಡ ನಿಶ್ಶಸ್ತ್ರೀಕರಣದ ಕಾಯಿದೆಗೆ ಉಂಟಾದ ಪ್ರತಿಕ್ರಿಯೆಯೆಂಬ ಒಂದು ಸಾಲಿನಲ್ಲಿ ಮುಚ್ಚಿಹೋಗುತ್ತದೆ. ಅತ್ತ ಮನೆಯಲ್ಲಿ ಅಜ್ಜಿಯ ಬಾಯಿಂದ ಅದೇ ಮಗುವು ಕೇಳಿಕೊಂಡು ಬೆಳೆದುದು ಹಣೆಬರಹ, ಕಾಲಮಹಿಮೆ, ಪಡೆದುಕೊಂಡು ಬಂದದ್ದು ಎಂಬ ಮಾತುಗಳನ್ನು. ಶಾಲೆಯ ಕಾರಣವಾದಕ್ಕೂ ಮನೆಯ ಕರ್ಮವಾದಕ್ಕೂ ಹೊರನೋಟಕ್ಕೆ ಹಗೆತನ. ಅಂತರಂಗದಲ್ಲಿ ಎರಡೂ ಒಂದೇ ಕೆಲಸವನ್ನು ಮಾಡುತ್ತವೆ, ಮಾಡಿದವನನ್ನು ಮೆಲ್ಲನೆ ಹಿಂಬಾಗಿಲಿನಿಂದ ಹೊರಗೆ ಕಳುಹಿಸಿಬಿಡುತ್ತವೆ.

ಈ ಮಾತನ್ನು ಸಾಮಾನ್ಯವಾಗಿ ಹೇಳಿ ಮುಗಿಸುವುದಕ್ಕಿಂತ, ತರಗತಿಯಲ್ಲಿ ನಾನು ಬೇಕೆಂದೇ ನಿಧಾನಿಸುವ ಪಾಠವೊಂದನ್ನು ತೆಗೆದುಕೊಳ್ಳುತ್ತೇನೆ. ನಮ್ಮ ಹಳಬರು ಧಾತು–ಈಶ್ವರ ಸಂವತ್ಸರದ ಬರವೆಂದು ಕರೆಯುತ್ತಿದ್ದ, ಪುಸ್ತಕಗಳಲ್ಲಿ 1876–78ರ ಮಹಾಕ್ಷಾಮವೆಂದು ಕಾಣಬರುವ ಆ ವಿಪತ್ತು, ಮದರಾಸು ಮತ್ತು ಬೊಂಬಾಯಿ ಪ್ರಾಂತಗಳನ್ನೂ ಹೈದರಾಬಾದನ್ನೂ ಮೈಸೂರನ್ನೂ ಒಟ್ಟಿಗೆ ಸುಟ್ಟಿತು. ಬಳ್ಳಾರಿ, ಧಾರವಾಡ, ಕಲಾದಗಿಗಳು ಮೂರು ಬೇರೆ ಬೇರೆ ಕಥೆಗಳಲ್ಲ. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರೂ ಹಸಿವಿಗೆ ಆ ಗಡಿಗಳ ಗೊಡವೆ ಇರಲಿಲ್ಲ. ಮೈಸೂರು ಸಂಸ್ಥಾನವು 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದು, ಬಾಲಕ ಚಾಮರಾಜೇಂದ್ರ ಒಡೆಯರು ಇನ್ನೂ ವಿದ್ಯಾಭ್ಯಾಸದಲ್ಲಿದ್ದ ಕಾಲವದು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯ ಹೊತ್ತಿಗೆ 42 ಲಕ್ಷದ ಒಳಗೆ ಇಳಿದಿತ್ತು. ಗಣತಿಯ ಅಧಿಕಾರಿಯು ನಡುವೆ ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರನ್ನು ಎಣಿಸುವುದಿಲ್ಲ. ಆದುದರಿಂದ ನಷ್ಟವು ಈ ಕಳೆದ ಲೆಕ್ಕಕ್ಕಿಂತ ದೊಡ್ಡದೆಂದೇ ತಿಳಿಯಬೇಕು.

ಕಾರಣಗಳೇನು ಎಂದರೆ, ಮೊದಲನೆಯದು ಮಳೆ. 1876ರ ಮುಂಗಾರು ದಕ್ಷಿಣದಲ್ಲಿ ಕೈಕೊಟ್ಟಿತು. ಪೆಸಿಫಿಕ್ ಸಾಗರದ ನೀರು ಕಾವೇರಿದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಬಂಧವನ್ನು ಎಲ್ ನಿನೊ ಎಂಬ ಹೆಸರಿನಿಂದ ಇಂದಿನ ವಿಜ್ಞಾನವು ವಿವರಿಸುತ್ತದೆ. ಇಲ್ಲಿಯವರೆಗೆ ಯಾರ ಮೇಲೂ ದೂರಿಲ್ಲ. ಎರಡನೆಯದು ಬೆಲೆ: ರೈಲು ಬಂದಿತ್ತು, ಧಾನ್ಯವು ಬೆಲೆ ಹೆಚ್ಚಿರುವ ಕಡೆಗೆ ಓಡುವ ಶಕ್ತಿಯನ್ನು ಪಡೆದಿತ್ತು, ಗೋಧಿಯ ರಫ್ತು ನಿಂತಿರಲಿಲ್ಲ, ದಾಸ್ತಾನು ಮಾಡಿದವನಿಗೆ ಪ್ರತಿ ವಾರವೂ ಲಾಭವಿತ್ತು. ಮದರಾಸಿನ ಗವರ್ನರನಾದ ಬಕಿಂಗ್‌ಹ್ಯಾಮ್ ಡ್ಯೂಕನು ಗುಟ್ಟಾಗಿ 30,000 ಟನ್ ಧಾನ್ಯವನ್ನು ಸರಕಾರದ ಪರವಾಗಿ ಕೊಳ್ಳಿಸಿದಾಗ, ಖಾಸಗಿ ವ್ಯಾಪಾರದಲ್ಲಿ ಕೈಹಾಕಬಾರದೆಂದು ವೈಸರಾಯ್ ಲಿಟನ್ನನ ಸರಕಾರವು ಅದಕ್ಕೆ ಅಸಮ್ಮತಿಯನ್ನು ಸೂಚಿಸಿತು. 1877ರ ಜನವರಿ 1ರಂದು ದಿಲ್ಲಿಯಲ್ಲಿ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸುವ ದರ್ಬಾರು ವೈಭವದಿಂದ ನಡೆಯಿತು. ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಕ್ಷಾಮದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಹೊರಟನು.

ಈ ಟೆಂಪಲ್ಲನೆಂಬವನ ಬಳಿ ನಾನು ಪಾಠವನ್ನು ನಿಲ್ಲಿಸುತ್ತೇನೆ. ಕಾಮಗಾರಿಯ ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ಮಟ್ಟವನ್ನು ಇಳಿಸಿದವನು ಇವನು. ಒಂದು ಪೌಂಡೆಂದರೆ ಇಂದಿನ 450 ಗ್ರಾಮಿಗೆ ಸ್ವಲ್ಪ ಹೆಚ್ಚು. ಕಿರಾಣಿ ಅಂಗಡಿಯಲ್ಲಿ ಅಷ್ಟು ರಾಗಿಯನ್ನು ತೂಗಿಸಿ ತಂದು ಮೇಜಿನ ಮೇಲೆ ಕಾಗದದಲ್ಲಿ ಸುರಿದರೆ ತರಗತಿಯು ಮುಂದೆ ಬಾಗುತ್ತದೆ. ಒಮ್ಮೆ ರೈತರ ಮನೆಯ ಹುಡುಗಿಯೊಬ್ಬಳು ಕಣ್ಣಳತೆಯಲ್ಲೇ, "ನಾಲ್ಕು ಮುದ್ದೆ ಆದೀತು, ಸಾರ್, ಅಷ್ಟೇನೂ ಕಮ್ಮಿಯಿಲ್ಲ" ಎಂದಳು. ಅವಳ ಮಾತು ಪ್ರಾಮಾಣಿಕವಾದದ್ದು, ಅದನ್ನು ಹಾಗೆಯೇ ಬಿಡಬಾರದು, ಬೈಯಲೂ ಬಾರದು. ಆ ಮುದ್ದೆಗೆ ಸಾರಿಲ್ಲವೆಂದೂ, ಅದನ್ನು ಉಣ್ಣತಕ್ಕ ದೇಹವು ಆಗಲೇ ತಿಂಗಳುಗಟ್ಟಲೆ ಬತ್ತಿದುದೆಂದೂ, ಊರಿನಿಂದ ದೂರ ನಡೆದು ಬಂದು ಬಿಸಿಲಲ್ಲಿ ಜಲ್ಲಿ ಒಡೆದು ಮಣ್ಣು ಹೊತ್ತ ಮೇಲೆ ಸಿಕ್ಕುವ ಪ್ರತಿಫಲವೇ ಅದೆಂದೂ, ಉಪ್ಪು, ಸೌದೆ, ಬಟ್ಟೆಗಳೆಲ್ಲವೂ ಉಳಿದ ಒಂದಾಣೆಯೊಳಗೇ ಮುಗಿಯಬೇಕೆಂದೂ ಹೇಳಬೇಕು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ಇಂಗ್ಲಿಷ್ ವೈದ್ಯನು, ಸೆರೆಮನೆಯಲ್ಲಿ ದುಡಿಯುವ ಕೈದಿಗೆ ದೊರೆಯುವಷ್ಟು ಅನ್ನವೂ ಇವರಿಗೆ ದೊರೆಯುತ್ತಿಲ್ಲವೆಂದು ಆಗಲೇ ಪ್ರತಿಭಟಿಸಿದನು.

ಇಷ್ಟಾದರೆ ಟೆಂಪಲ್ಲನು ಸುಲಭವಾದ ಖಳನಾಯಕನಾಗುತ್ತಿದ್ದನು, ತರಗತಿಯೂ ಅವನನ್ನು ಎರಡು ನಿಮಿಷದಲ್ಲಿ ಶೂಲಕ್ಕೇರಿಸಿ ಟಿಫಿನ್ ಡಬ್ಬಿಯನ್ನು ತೆರೆಯುತ್ತಿತ್ತು. ಅವನ ಹಿಂದಿನ ಕಥೆ ಅದಕ್ಕೆ ಎಡೆಗೊಡುವುದಿಲ್ಲ. ಮೂರು ವರ್ಷಗಳ ಹಿಂದೆ, 1873–74ರಲ್ಲಿ, ಬಿಹಾರ ಬಂಗಾಳಗಳಿಗೆ ಬರ ಬಂದಾಗ, ಇದೇ ಮನುಷ್ಯನು ಬರ್ಮಾದಿಂದ ಹಡಗುಹಡಗಾಗಿ ಅಕ್ಕಿಯನ್ನು ತರಿಸಿ, ಕೇಳಿದವರಿಗೆಲ್ಲ ಉದಾರವಾಗಿ ಹಂಚಿಸಿ, ಹಸಿವಿನ ಸಾವನ್ನು ಬಹುಮಟ್ಟಿಗೆ ತಡೆದಿದ್ದನು. ಆ ಶತಮಾನದ ಕ್ಷಾಮಗಳ ಚರಿತ್ರೆಯಲ್ಲಿ ಅಂತಹ ಯಶಸ್ಸು ಅಪೂರ್ವ. ಅದಕ್ಕೆ ಅವನು ಪಡೆದ ಬಹುಮಾನವೆಂದರೆ ದುಂದುಗಾರನೆಂಬ ಅಪಕೀರ್ತಿ. ಖಜಾನೆಯನ್ನು ಬರಿದು ಮಾಡಿದನು, ಜನರನ್ನು ಸೋಮಾರಿಗಳನ್ನಾಗಿ ಮಾಡಿದನು ಎಂಬ ಟೀಕೆಯನ್ನು ಲಂಡನ್ನಿನವರೆಗೂ ಹೊತ್ತ ಅವನು, 1877ರಲ್ಲಿ ತನ್ನ ಮಿತವ್ಯಯವನ್ನು ಲೋಕಕ್ಕೆ ತೋರಿಸಿಕೊಳ್ಳುವ ಅವಕಾಶವನ್ನು ಕೈಬಿಡಲಿಲ್ಲ. ಆ ವರ್ಷವೇ ಬೊಂಬಾಯಿಯ ಗವರ್ನರನೂ ಆದನು.

ಮಳೆಯೊಂದು ಕಾರಣ, ಬೆಲೆಯೊಂದು ಕಾರಣ, ಮೇಲಿನವರ ಆಜ್ಞೆಯೊಂದು ಕಾರಣ, ಕೆಟ್ಟ ಹೆಸರಿನ ಭಯವೊಂದು ಕಾರಣ. ಇವೆಲ್ಲವನ್ನೂ ಬರೆದ ಮೇಲೆ ಟೆಂಪಲ್ಲನಿಗೆ ಏನು ಉಳಿಯಿತು? ಅವನೂ ಅವನ ಸಹೋದ್ಯೋಗಿಗಳೂ ಒಂದು ಸಿದ್ಧಾಂತದೊಳಗೆ ಬೆಳೆದವರೆಂಬುದನ್ನು ಇದಕ್ಕೆ ಕೂಡಿಸಬೇಕು. ಕಂಪನಿಯ ನೌಕರರನ್ನು ತರಬೇತುಗೊಳಿಸುತ್ತಿದ್ದ ಹೇಲಿಬರಿಯ ಕಾಲೇಜಿನಲ್ಲಿ ಮಾಲ್ಥಸನೇ ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದನು. ಜನಸಂಖ್ಯೆಯು ಆಹಾರವನ್ನು ಮೀರಿ ಬೆಳೆಯುವುದೆಂಬ ಅವನ ಬೋಧೆಯೂ, ಧಾನ್ಯದ ವ್ಯಾಪಾರಕ್ಕೆ ಸರಕಾರವು ಅಡ್ಡಬಂದರೆ ಅಭಾವವು ಕ್ಷಾಮವಾಗುವುದೆಂಬ ಆಡಮ್ ಸ್ಮಿತ್ತನ ಬೋಧೆಯೂ ಆ ಅಧಿಕಾರಿವರ್ಗಕ್ಕೆ ಶ್ರುತಿಸ್ಮೃತಿಗಳಂತೆ ಪ್ರಮಾಣವಾಗಿದ್ದವು. ನಮ್ಮ ಅಜ್ಜಿಯ ಹಣೆಬರಹಕ್ಕೂ ವೈಸರಾಯಿಯ ಅರ್ಥಶಾಸ್ತ್ರಕ್ಕೂ ಇರುವ ದೂರವು ನಾವು ತಿಳಿದಷ್ಟು ದೊಡ್ಡದಲ್ಲ. ಅಜ್ಜಿಯು ತನ್ನ ಪಾಲಿನ ಮುದ್ದೆಯನ್ನು ಬಾಗಿಲಿಗೆ ಬಂದವನಿಗೆ ಮುರಿದು ಕೊಟ್ಟು ಆಮೇಲೆ ಹಣೆಬರಹವೆಂದಳು. ವೈಸರಾಯಿಯು ಕೊಡುವುದಕ್ಕೆ ಮುಂಚೆಯೇ ಅಂದನು.

ಇಲ್ಲಿ ನನಗೆ ನೆರವಾಗುವುದು ನಮ್ಮ ನೈಯಾಯಿಕರು. ಗಡಿಗೆಯೊಂದಕ್ಕೆ ಮಣ್ಣು, ಚಕ್ರ, ದಂಡ, ಕುಂಬಾರ ಇವೆಲ್ಲವೂ ಕಾರಣವೆಂದು ಒಪ್ಪಿದ ಅವರು, ಮಣ್ಣನ್ನು ಹೊತ್ತು ತಂದ ಕತ್ತೆಯನ್ನು ಕಾರಣಗಳ ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕಳುಹಿಸಿದರು. ಅದಿಲ್ಲದೆಯೂ ಮಣ್ಣು ಬರಬಹುದಾಗಿತ್ತಲ್ಲ. ಮಕ್ಕಳಿಗೆ ಈ ಕತ್ತೆಯು ಬಹಳ ಪ್ರಿಯವಾಗುತ್ತದೆ. ಆದರೆ ಅದಕ್ಕಿಂತ ಬೆಲೆಯುಳ್ಳದ್ದು ಅವರು ಕರ್ತೃವಿಗೆ ಕೊಟ್ಟ ಲಕ್ಷಣ. ದಂಡವೂ ಚಕ್ರವೂ ಕಾರಣಗಳೇ ಆಗಿದ್ದರೂ ಕರ್ತೃಗಳಲ್ಲ. ತಾನು ಬಳಸತಕ್ಕ ವಸ್ತುವಿನ ಪ್ರತ್ಯಕ್ಷ ಜ್ಞಾನ, ಮಾಡಬೇಕೆಂಬ ಇಚ್ಛೆ, ಮಾಡುವ ಪ್ರಯತ್ನ, ಈ ಮೂರೂ ಯಾರಲ್ಲಿ ಕೂಡಿವೆಯೋ ಅವನೇ ಕರ್ತೃ. ಕಾರಣಗಳ ಪಟ್ಟಿಯು ಎಷ್ಟು ಉದ್ದವಾದರೂ ಈ ಮೂರು ಕೂಡಿದ ಕಡೆಯಲ್ಲಿ ಕರ್ತೃತ್ವವು ಕರಗುವುದಿಲ್ಲವೆಂಬುದು ಅದರ ತಾತ್ಪರ್ಯ. ಈಗ ಟೆಂಪಲ್ಲನನ್ನು ಕೇಳೋಣ: ಹಸಿದವನಿಗೆ ಎಷ್ಟು ಅನ್ನ ಕೊಟ್ಟರೆ ಉಳಿಯುವನೆಂದು ನಿನಗೆ ತಿಳಿದಿತ್ತೇ? ತಿಳಿದಿತ್ತು, ಆಗಿನ ಭಾರತ ಸರಕಾರದಲ್ಲಿ ಅವನಷ್ಟು ಚೆನ್ನಾಗಿ ತಿಳಿದವನು ಮತ್ತೊಬ್ಬನಿರಲಿಲ್ಲ, ಏಕೆಂದರೆ ಉಳಿಸಿ ತೋರಿಸಿದವನೇ ಅವನು. ಬಿಹಾರದ ಪುಣ್ಯವು ದಕ್ಷಿಣದಲ್ಲಿ ಅವನ ವಿರುದ್ಧದ ಸಾಕ್ಷಿಯಾಗಿ ನಿಲ್ಲುತ್ತದೆ. ಏನೂ ತಿಳಿಯದ ಮಂದಮತಿಯಾದ ಕಲೆಕ್ಟರನೊಬ್ಬನು ಅದೇ ಆಜ್ಞೆಯನ್ನು ಹೊರಡಿಸಿದ್ದರೆ ನಾನು ಅವನ ವಿಷಯದಲ್ಲಿ ಇಷ್ಟು ಕಠಿಣನಾಗುತ್ತಿರಲಿಲ್ಲ.

ಒಂದು ಆಕ್ಷೇಪವನ್ನು ಬುದ್ಧಿವಂತರು ತಪ್ಪದೆ ಎತ್ತುತ್ತಾರೆ: ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಅನ್ಯಾಯವಲ್ಲವೇ? ಅನ್ಯಾಯವೇ ಸರಿ. ಆದರೆ ಕಾರ್ನಿಷನು ಇಂದಿನವನಲ್ಲ, ಬಕಿಂಗ್‌ಹ್ಯಾಮನು ಇಂದಿನವನಲ್ಲ, ಮನವಿಗಳ ಮೇಲೆ ಮನವಿಗಳನ್ನು ಬರೆದ ಪುಣೆಯ ಸಾರ್ವಜನಿಕ ಸಭೆಯವರೂ ಇಂದಿನವರಲ್ಲ. ಮದರಾಸಿನಲ್ಲಿ ಪತ್ರಿಕಾ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿಯು 1878ರಲ್ಲಿಯೇ ಈ ಕ್ಷಾಮದ ಬಗ್ಗೆ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿ ಆಡಳಿತವನ್ನು ತೂಗಿ ನೋಡಿದನು. ಯಾವ ಯುಗವೂ ಒಂದೇ ಕಂಠದಿಂದ ಮಾತಾಡುವುದಿಲ್ಲ. ಆ ಕಾಲವೇ ಹಾಗಿತ್ತೆಂಬ ಮಾತಿನಲ್ಲಿ ಆ ಕಾಲದ ವಿರೋಧಿಗಳೆಲ್ಲರೂ ಎರಡನೆಯ ಸಲ ಸೋಲುತ್ತಾರೆ.

ಇನ್ನು ಕರ್ಮದ ಮಾತು. ಸತ್ತವರು ಅವರವರ ಪ್ರಾರಬ್ಧದಂತೆ ಸತ್ತರೆಂದು ತರಗತಿಯಲ್ಲಿ ಯಾರಾದರೂ ಹೇಳಿದರೆ, ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಅಧ್ಯಾಪಕನಿಗೆ ಆ ಮಗುವಿನ ಮನೆಯೊಳಗೆ ಪ್ರವೇಶವಿಲ್ಲ. ಆ ಸಿದ್ಧಾಂತವನ್ನು ಅದರ ಮರ್ಯಾದೆಗೆ ತಕ್ಕಂತೆ ಓದುವುದು ಮೇಲು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ, ಲೋಕದಲ್ಲಿ ಒಬ್ಬನಿಗೆ ಸುಖ ಮತ್ತೊಬ್ಬನಿಗೆ ದುಃಖವಿರುವಾಗ ಈಶ್ವರನು ಪಕ್ಷಪಾತಿಯೂ ನಿರ್ದಯನೂ ಆಗುವುದಿಲ್ಲವೇ ಎಂಬ ಪ್ರಶ್ನೆಗೆ, ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನೆಂದು ಸಮಾಧಾನವನ್ನು ಹೇಳಿದೆ. ಮಳೆಯು ಎಲ್ಲ ಪೈರಿಗೂ ಸಮಾನ, ಬೆಳೆಯ ಭೇದವು ಬೀಜದಿಂದ ಎಂಬ ದೃಷ್ಟಾಂತವನ್ನು ಶಂಕರರು ಅಲ್ಲಿ ಕೊಡುತ್ತಾರೆ. ಮಳೆಯೇ ಬಾರದ ಧಾತು ಸಂವತ್ಸರದ ಪಾಠದಲ್ಲಿ ಅದನ್ನು ನೆನೆಯುವಾಗ ಮನಸ್ಸು ಒಂದಿಷ್ಟು ತೊಡಕಿಕೊಳ್ಳುವುದು ನಿಜ. ಅದಿರಲಿ. ಆ ಸಮಾಧಾನವು ದೋಷದಿಂದ ಬಿಡಿಸಿದುದು ಈಶ್ವರನನ್ನು. ಕ್ಷಾಮದ ಕಮಿಷನರನನ್ನು ಬಿಡಿಸುವ ಉದ್ದೇಶವು ಸೂತ್ರಕಾರನಿಗೂ ಇರಲಿಲ್ಲ, ಭಾಷ್ಯಕಾರರಿಗೂ ಇರಲಿಲ್ಲ. ಹೊಡೆಸಿಕೊಂಡವನ ಪೂರ್ವಕರ್ಮವು ಏನೇ ಇದ್ದರೂ ಹೊಡೆದವನಿಗೆ ಹೊಸ ಕರ್ಮವು ಅಂಟುವುದೆಂಬುದು ಆ ಸಿದ್ಧಾಂತದ ಉಳಿದರ್ಧ. ನಮ್ಮ ಮನೆಗಳಲ್ಲಿ ಮೊದಲರ್ಧವೇ ಹೆಚ್ಚಾಗಿ ಚಲಾವಣೆಯಲ್ಲಿದೆ. ಹಾಗೆಯೇ ಜೈನರ ಅನೇಕಾಂತವನ್ನು ಮುಂದಿಟ್ಟುಕೊಂಡು, ಅವರವರ ದೃಷ್ಟಿಯಿಂದ ಎಲ್ಲರೂ ಸರಿಯೆಂದು ಕೈತೊಳೆದುಕೊಳ್ಳುವುದೂ ಆ ದರ್ಶನಕ್ಕೆ ಮಾಡುವ ಅಪಚಾರವೇ. ಹಿಂಸೆಯ ವಿಷಯದಲ್ಲಿ ಜೈನರಷ್ಟು ಖಂಡಿತವಾದಿಗಳು ಬೇರೆ ಯಾರಿದ್ದಾರೆ?

ಪರಕೀಯನನ್ನು ಖಂಡಿಸುವುದಕ್ಕೆ ಖರ್ಚಿಲ್ಲ. ಆದುದರಿಂದ ಟೆಂಪಲ್ಲನ ಮೇಲೆ ಹರಿತಗೊಳಿಸಿದ ಅಲಗನ್ನು ಅಲ್ಲಿಯೇ ಒರೆಗೆ ಸೇರಿಸಿಬಿಡಬಾರದು. ಕಣಜಕ್ಕೆ ಬೀಗ ಹಾಕಿ ಬೆಲೆ ಏರುವುದನ್ನು ಕಾಯುತ್ತಿದ್ದ ವರ್ತಕರು ನಮ್ಮವರು. ಪರಿಹಾರಕೇಂದ್ರದ ಅನ್ನವನ್ನು ಬೇಯಿಸಿದವರು ಯಾರು, ಪಕ್ಕದಲ್ಲಿ ಕುಳಿತವರು ಯಾರು ಎಂದು ವಿಚಾರಿಸಿದ ಜಾತಿಯ ಕಟ್ಟುಪಾಡೂ ನಮ್ಮದು. ಟಿಪ್ಪುವಿನ ಪಾಠ ಬಂದ ದಿನ ತರಗತಿಯ ಎರಡು ಸಾಲುಗಳು ಬೇರೆ ಬೇರೆ ದಿಕ್ಕಿಗೆ ನೋಡತೊಡಗುವುದನ್ನು ಈಚೆಗೆ ಎಲ್ಲ ಅಧ್ಯಾಪಕರೂ ಬಲ್ಲರು. ಆ ಸಾಲುಗಳಿಗೆ ಅದೇ ಮೂರು ಪ್ರಶ್ನೆಗಳನ್ನು ಹಂಚಿ, ಉತ್ತರಕ್ಕೆ ಆಧಾರವನ್ನು ಕೇಳುವುದಲ್ಲದೆ ಬೇರೆ ಉಪಾಯ ನನಗೆ ಗೊತ್ತಿಲ್ಲ.

ಈಸೂರಿನ ಪಾಠವು ಇನ್ನೂ ಕಠಿಣ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು ತಮ್ಮ ಊರನ್ನು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡ ಕಥೆಯನ್ನು ಹೇಳುವಾಗ ತರಗತಿಯ ಮುಖಗಳು ಅರಳುತ್ತವೆ. ಆ ಸೆಪ್ಟೆಂಬರಿನಲ್ಲಿ ಊರೊಳಗೆ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರನೂ ಸಬ್ ಇನ್‌ಸ್ಪೆಕ್ಟರನೂ ಹತರಾದರು. ಬಳಿಕ ಪೋಲೀಸರೂ ಸೈನಿಕರೂ ಊರಿಗೆ ನುಗ್ಗಿದರು. 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಐವರನ್ನು ನಾವು ಹುತಾತ್ಮರೆಂದು ಸ್ಮರಿಸುತ್ತೇವೆ, ಸ್ಮರಿಸತಕ್ಕದ್ದೇ. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ, ಅವರಿಗೂ ಮನೆಯಿತ್ತು ಎಂದು ನಾನು ಹೇಳಿದಾಗ ತರಗತಿಗೆ ಅದು ರುಚಿಸುವುದಿಲ್ಲ. ಜ್ಞಾನ, ಇಚ್ಛೆ, ಪ್ರಯತ್ನಗಳ ಪ್ರಶ್ನೆಯನ್ನು ಅಲ್ಲಿಯೂ ಕೇಳಬೇಕು. ಗುಂಪಿನ ಕೈಯಲ್ಲಿ ಬಿದ್ದ ಏಟಿಗೆ ಯಾರ ಇಚ್ಛೆ, ಯಾರ ಪ್ರಯತ್ನ? ನೈಯಾಯಿಕರ ಲಕ್ಷಣವು ಒಬ್ಬ ಕುಂಬಾರನಿಗೆ ಚೆನ್ನಾಗಿ ಹೊಂದುತ್ತದೆ, ಊರಿಗೆ ಊರೇ ಎದ್ದಾಗ ತಡವರಿಸುತ್ತದೆ.

ಗಾಂಧೀಜಿಯ ಮುಂದೆಯಂತೂ ಅದು ಪೂರ್ತಿಯಾಗಿ ಸೋಲುತ್ತದೆ. 1922ರ ಫೆಬ್ರವರಿಯಲ್ಲಿ ಚೌರಿಚೌರದಲ್ಲಿ ಪೋಲೀಸರನ್ನು ಠಾಣೆಯೊಳಗೆ ಸುಟ್ಟ ಸುದ್ದಿ ಬಂದಾಗ, ನೂರಾರು ಮೈಲಿ ದೂರದಲ್ಲಿದ್ದ ಅವರಿಗೆ ಅದರ ಪೂರ್ವಜ್ಞಾನವಿರಲಿಲ್ಲ, ಇಚ್ಛೆಯಿರಲಿಲ್ಲ, ಪ್ರಯತ್ನವಂತೂ ಇರಲೇ ಇಲ್ಲ. ಆದರೂ ದೇಶವೆಲ್ಲ ಎದ್ದು ನಿಂತಿದ್ದ ಅಸಹಕಾರ ಚಳವಳಿಯನ್ನು ನಿಲ್ಲಿಸಿ, ಐದು ದಿನ ಉಪವಾಸವಿದ್ದರು. ನೆಹರೂ ಮೊದಲಾದ ತರುಣರು ಸೆರೆಮನೆಯಲ್ಲಿದ್ದು ಸಿಟ್ಟಾದರು. ನನ್ನ ವಿದ್ಯಾರ್ಥಿಗಳಲ್ಲಿಯೂ ಬಹುಮಂದಿ ಸಿಟ್ಟಾಗುತ್ತಾರೆ. ಆ ಹೊಣೆಯನ್ನು ಅವರು ಯಾವ ಲೆಕ್ಕದಿಂದ ಹೊತ್ತರೆಂಬುದಕ್ಕೆ ತರ್ಕಶಾಸ್ತ್ರವನ್ನು ಬಿಟ್ಟು ಧರ್ಮಶಾಸ್ತ್ರದ ಕಡೆಗೆ ತಿರುಗಬೇಕಾಗುತ್ತದೆ. ಸ್ವರ್ಗನರಕಗಳ ಫಲವುಳ್ಳ ಕರ್ಮದಲ್ಲಿ ಪ್ರೇರೇಪಿಸಿದವನು, ಅನುಮತಿಸಿದವನು, ಮಾಡಿದವನು ಈ ಮೂವರೂ ಪಾಲುಗಾರರೆಂದು ಆಪಸ್ತಂಬನು ವಿಧಿಸಿದ್ದಾನೆ; ಯಾರು ಅದರಲ್ಲಿ ಹೆಚ್ಚಾಗಿ ತೊಡಗಿದರೋ ಅವರಿಗೆ ಹೆಚ್ಚಿನ ಫಲವೆಂದೂ ಸೇರಿಸಿದ್ದಾನೆ. ಗಾಂಧೀಜಿಯು ತಮ್ಮನ್ನು ಮೊದಲನೆಯ ಪಂಕ್ತಿಯಲ್ಲಿ ಕೂರಿಸಿಕೊಂಡರು: ಜನರನ್ನು ಎಬ್ಬಿಸಿದವನು ನಾನು ಎಂದು. ಲಿಟನ್ನನನ್ನು ಅಲ್ಲಿ ಕೂರಿಸಲು ಯಾರೂ ಬೇಕಾಗಿಲ್ಲ, ಅವನ ಕಡತಗಳೇ ಸಾಕು. ಟೆಂಪಲ್ಲನಿಗೆ ಮೂರನೆಯದು.

ಎರಡನೆಯ ಪಂಕ್ತಿಯೇ ತರಗತಿಯನ್ನು ಗಲಿಬಿಲಿಗೊಳಿಸುವುದು. ಅನುಮತಿಸಿದವರೆಂದರೆ ಯಾರು? ಬಿಹಾರದ ಅಕ್ಕಿಯನ್ನು ದುಂದೆಂದು ಬರೆದ ಲಂಡನ್ನಿನ ಪತ್ರಿಕೆಗಳೇ, ಅದನ್ನು ಓದಿ ತಲೆದೂಗಿದ ತೆರಿಗೆದಾರರೇ, ಬರದ ವರ್ಷದಲ್ಲಿಯೂ ಕಂದಾಯದ ವಸೂಲಿಗೆ ಹೊರಟ ಶಾನುಭೋಗರೇ? ಮುಂದಿನ ವರ್ಷ ಹದಿನೆಂಟು ತುಂಬಿ ಮತದಾರರ ಪಟ್ಟಿಗೆ ಸೇರತಕ್ಕವರು ಈ ಪ್ರಶ್ನೆಯನ್ನು ಲಂಡನ್ನಿನಲ್ಲಿಯೇ ಬಿಟ್ಟುಬರಲಾರರು. ಕಳೆದ ವರ್ಷದ ತಂಡವು ಮಾತ್ರ ವೈಸರಾಯಿಯನ್ನೂ ಮತದಾರನನ್ನೂ ಬಿಟ್ಟು, ಕಾಮಗಾರಿಯ ಸ್ಥಳದಲ್ಲಿ ನಿಂತು ಆ ಒಂದು ಪೌಂಡನ್ನು ತೂಗಿ ಕೊಡುತ್ತಿದ್ದ ಮೇಸ್ತ್ರಿಯ ಮೇಲೆ ಜಗಳವಾಡಿತು. ಅವನೂ ಹಸಿದವರ ಪೈಕಿಯವನೇ, ಆಜ್ಞೆಯನ್ನು ಮೀರಿದ್ದರೆ ಅವನ ಕೆಲಸವೂ ಹೋಗುತ್ತಿತ್ತು, ಅವನನ್ನು ದಂಡಚಕ್ರಗಳ ಜೊತೆಗೆ ಸೇರಿಸಿ ಬಿಟ್ಟುಬಿಡಿ ಎಂದು ಒಂದು ಪಕ್ಷ. ಎದುರಿನ ಮುಖವನ್ನು ಪ್ರತಿದಿನ ಕಣ್ಣಾರೆ ನೋಡಿದವನು ಅವನೊಬ್ಬನೇ, ಆದುದರಿಂದ ಪ್ರತ್ಯಕ್ಷ ಜ್ಞಾನವು ಅವನಿಗೇ ಹೆಚ್ಚು ಎಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷದ ಹುಡುಗನಿಗೆ ತರ್ಕವು ಚೆನ್ನಾಗಿ ಹತ್ತಿತ್ತೆಂದು ಮೆಚ್ಚಿದೆನಾದರೂ, ಮೇಸ್ತ್ರಿಯನ್ನು ಕರ್ತೃವೆಂದು ಬರೆದುಕೊಳ್ಳಲು ನಾನು ಒಪ್ಪಲಿಲ್ಲ. ತಕ್ಕಡಿಯಲ್ಲಿ ಕೈಯಾಡಿಸಿ ಆ ಪೌಂಡಿನಿಂದಲೂ ಒಂದು ಹಿಡಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದರೆ ಆಗ ನೋಡೋಣವೆಂದೆ.